ಒಂದು ಗುಡಿಸಿನ ಜಗಳ

"ಕುರ್ಚಿ ಕೇಳೋಕೆ ಬಂದಿಲ್ಲ ಸಾರ್. ನಕ್ಷೆ ಕೇಳೋಕೆ ಬಂದಿದ್ದೀನಿ!"

ಅವಳು ಕುಂಟುತ್ತಾ ಒಳಗೆ ಬಂದದ್ದೇ ತಡ, ಸರ್ವೆ ಕಚೇರಿಯ ನಕ್ಷೆ ಕೋಣೆಯ ಗುಮಾಸ್ತ ತಾನು ಕೂತಿದ್ದ ಕುರ್ಚಿಯನ್ನೇ ಅವಳತ್ತ ತಳ್ಳಿದ್ದ. ಅದಕ್ಕೆ ಸಿಕ್ಕ ಉತ್ತರ ಇದು. ಪಾಪ, ಅವನ ಕಿವಿ ಕೆಂಪಾಯಿತು.

ಅವಳದು ಪೇಟೆಯಲ್ಲೊಂದು ಕೀಲಿಕೈ ಅಂಗಡಿ. ಎಂಥ ಬೀಗಕ್ಕೂ ಕೀಲಿ ಮಾಡಿಕೊಡುವವಳು. ಕನಿಕರ ಒಂದು ಬಿಟ್ಟು ಬೇರೆ ಏನನ್ನಾದರೂ ಸಹಿಸುತ್ತಿದ್ದಳು.

"ಯಾವ ಹೊಲದ ನಕ್ಷೆ?"

"ನಮ್ಮ ಮುತ್ತಜ್ಜಿ ಹೊಲದ್ದು. ಗಂಡ ಸತ್ತ ಮೇಲೆ ಒಬ್ಬಳೇ ಉತ್ತಳಂತೆ. ಊರೆಲ್ಲ ಅವಳ ಹೆಸರಲ್ಲೇ ಆ ಹೊಲಾನ ಕರೀತಿತ್ತಂತೆ. ಏನಂತ ಕರೀತಿದ್ರು ಅಂದ್ರೆ, ಅಜ್ಜಿ ಮರೆತುಹೋಯ್ತು ಅಂತಾರೆ."

ಅವಳ ದೊಡ್ಡಪ್ಪ ಮನೆತನದ ಚರಿತ್ರೆಯನ್ನು ಅಚ್ಚು ಹಾಕಿಸುತ್ತಿದ್ದರು. ಆರು ತಲೆಮಾರು, ಒಂದೇ ಒಂದು ಹೆಂಗಸಿನ ಹೆಸರಿಲ್ಲ! ಕೇಳಿದ್ದಕ್ಕೆ ನಕ್ಕುಬಿಟ್ಟಿದ್ದರು. "ಹೊಲಕ್ಕೆ ಹೆಸರಾದ ಹೆಂಗಸು ನಮ್ಮ ಮನೇಲಿದ್ರೆ ನಕ್ಷೇಲಿ ತೋರಿಸು. ಮೊದಲ ಪುಟದಲ್ಲೇ ಹಾಕಿಸ್ತೀನಿ."

ಗುಮಾಸ್ತ ಆಗ ಹಳೇ ಬಟ್ಟೆ ನಕ್ಷೆಗಳನ್ನು ನೋಡಿ ಹೊಸ ನಕ್ಷೆ ಬರೆಯುತ್ತಿದ್ದ. ಮೂರು ವಾರ ಅವಳು ಮಧ್ಯಾಹ್ನದ ಹೊತ್ತು ಅಂಗಡಿಗೆ ಬೀಗ ಹಾಕಿ ಬಂದಳು. ಇಬ್ಬರೂ ಬಗ್ಗಿ ಒಂದೊಂದೇ ಹೊಲದ ಹೆಸರು ಓದಿದರು. ಎಮ್ಮೆ ಬಿದ್ದ ಹಳ್ಳ. ಜಗಳದ ಗದ್ದೆ. ಅಳಿಯನ ಮೂಲೆ.

"ನೋಡಿ, ಅಳಿಯನಿಗೆ ಮೂಲೇನೇ ಗತಿ," ಅಂದ ಅವನು.

ಅವಳು ಜೋರಾಗಿ ನಕ್ಕಳು. ಮಧ್ಯಾಹ್ನ ಯಾವಾಗ ಆಗುತ್ತೋ ಅಂತ ಮನಸ್ಸು ಕಾಯತೊಡಗಿದ್ದು ಆವತ್ತಿನಿಂದಲೇ... ಅದು ಅವಳಿಗೂ ಗೊತ್ತಿತ್ತು, ಒಪ್ಪಿಕೊಳ್ಳಲು ಮಾತ್ರ ತಯಾರಿರಲಿಲ್ಲ.

ಒಂದು ದಿನ ಇಳಿಜಾರಿನ ಹೊಲವೊಂದರ ಮೇಲೆ ಅವನ ಬೆರಳು ನಿಂತುಬಿಟ್ಟಿತು. ಮುತ್ತಜ್ಜನ ಹೆಸರು ಪಕ್ಕದಲ್ಲೇ ಇತ್ತು.

"ಸಿಕ್ತಾ?"

"ಸಿಕ್ತು... ಶಾಯಿ ಮಾಸಿದೆ. ಹೊಸ ನಕ್ಷೇಲಿ ಸರಿಯಾಗಿ ಬರೆದುಕೊಡ್ತೀನಿ." ಅವಸರದಲ್ಲಿ ಬಟ್ಟೆ ಮಡಿಚಿಟ್ಟ.

ಮರುದಿನ ಕೊಟ್ಟ ಹೊಸ ನಕ್ಷೆಯಲ್ಲಿ 'ಕುಂಟೆ ಹೊಲ' ಎಂದಿತ್ತು.

ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕುಂಟೆ ಅಂದ್ರೆ ನೀರು ನಿಲ್ಲೋ ಹೊಂಡ ಕಣಮ್ಮ! ನಿನ್ನ ಮುತ್ತಜ್ಜಿ ಏನು ಹೊಂಡವಾಗಿದ್ಲಾ?"

ಅವಳಿಗೆ ಅಳು ಒತ್ತರಿಸಿ ಬಂತು. ಅಷ್ಟರಲ್ಲಿ ಮಂಚದ ಮೇಲಿದ್ದ ಅಜ್ಜಿ ಸಿಡಿದರು. "ಆ ಇಳಿಜಾರಲ್ಲಿ ಒಂದು ಚೊಂಬು ನೀರು ನಿಲ್ಲಲ್ಲ, ಎಲ್ಲಿಯ ಕುಂಟೆ? ಅದು ಕುಂಟಿ..."

ಅಜ್ಜಿ ನಾಲಿಗೆ ಕಚ್ಚಿಕೊಂಡರು.

"ಹೇಳಜ್ಜೀ!"

"ಕುಂಟಿ ಹೊಲ. ನಮ್ಮತ್ತೆ ಕಾಲೂ ನಿನ್ನ ಹಾಗೇ ಇತ್ತು ಮಗಾ. ಆ ಮಾತನ್ನ ನಿನ್ನೆದುರಿಗೆ ಹೆಂಗೆ ಆಡಲಿ ಅಂತ ಮರೆತೆ ಅಂದೆ."

ಕುಂಟಿ! ಶಾಲೆಯ ಮೆಟ್ಟಿಲಿಂದ ಅಂಗಡಿ ಬಾಗಿಲ ತನಕ ಅವಳನ್ನು ಬೆನ್ನಟ್ಟಿ ಬಂದ ಮಾತು! ಅದನ್ನೇ ಊರು ಮುತ್ತಜ್ಜಿಯ ಹೊಲಕ್ಕೆ ಅಂಟಿಸಿತ್ತು, ಮುತ್ತಜ್ಜಿ ಅದರಲ್ಲೇ ಬೆಳೆ ತೆಗೆದಿದ್ದಳು.

ಹಾಗಾದರೆ... ಆ ಗುಮಾಸ್ತನೂ ಇದನ್ನು ಓದಿದ್ದ! ಓದಿಯೂ ಬದಲಾಯಿಸಿದ್ದ!

ಹೊಸ ನಕ್ಷೆಗೆ ತಕರಾರು ಕೊಡಲು ಆ ಸಂಜೆ ಐದು ಗಂಟೆಯೇ ಕೊನೆ. ಅವಳು ಹೋಗಿ ಅವನ ಮೇಜಿಗೆ ಗುದ್ದಿದಳು.

"ಗುಡಿಸು ಎಲ್ಲಿ?"

ಅವನು ಕಕ್ಕಾಬಿಕ್ಕಿಯಾಗಿ ಮೂಲೆಯ ಪೊರಕೆ ನೋಡಿದ.

"ಕಸ ಗುಡಿಸೋದಲ್ಲ ಸಾರ್, ಅಕ್ಷರದ ಗುಡಿಸು! 'ಟಿ' ಇದ್ದದ್ದನ್ನ ಏತ್ವ ಕೊಟ್ಟು 'ಟೆ' ಮಾಡಿದ್ದು ಯಾಕೆ? ದೊಡ್ಡಪ್ಪ ಹೇಳಿಕೊಟ್ರಾ?"

"ಅವರ ಮುಖ ಕೂಡ ನೋಡಿಲ್ಲ ನಾನು. ಆ ಹೆಸರು ಓದಿದ್ರೆ ನಿಮಗೆ ನೋವಾಗುತ್ತೆ ಅಂತ... ನಿಮ್ಮನ್ನ ನೋಯಿಸೋಕೆ ನನ್ನ ಕೈಲಾಗಲಿಲ್ಲ. ನೀವಂದ್ರೆ ನನಗೆ..."

"ಒಂದು ಹಲ್ಲು ತಪ್ಪಿದ್ರೆ ಕೀಲಿ ತಿರುಗಲ್ಲ! ನಿಮ್ಮ ಕನಿಕರಕ್ಕೆ ನಮ್ಮ ಮುತ್ತಜ್ಜಿ ಹೊಂಡವಾಗಿ ಹೋದ್ಲು! ಅವಳು ಆ ಕಾಲಲ್ಲೇ ಉತ್ತಳು, ಆ ಹೆಸರಲ್ಲೇ ಉಳಿದಿದ್ದಾಳೆ. ನಾಚಿಕೆಪಡೋರು ಪಡಲಿ, ನಾನು ಪಡಲ್ಲ. ಬರೀರಿ... ದೊಡ್ಡದಾಗಿ ಬರೀರಿ!"

ಅವನು ತಕರಾರಿನ ಅರ್ಜಿ ತೆಗೆದ. ಕಾರಣ ಎಂಬಲ್ಲಿ, 'ತಪ್ಪು ನನ್ನದು, ಬೇಕೆಂದೇ ಬದಲಾಯಿಸಿದೆ' ಎಂದು ಬರೆದು ಸಹಿ ಹಾಕಿದ.

"ಮೇಲಿನವರು ಬೈಯಲ್ವಾ?"

"ಬೈಲಿ."

ಅವಳ ಸಿಟ್ಟು ಅರ್ಧ ಇಳಿದದ್ದು ಆಗಲೇ.

ತಿದ್ದಿದ ನಕ್ಷೆಯನ್ನು ದೊಡ್ಡಪ್ಪ ಮೂರು ಸಲ ಓದಿದರು. "ಮೊದಲ ಪುಟ ಅಂದಿದ್ದೆ, ಅಲ್ವಾ?"

"ಅಂದಿದ್ರಿ ದೊಡ್ಡಪ್ಪ!"

ಭಾನುವಾರ ಅವಳೂ ಗುಮಾಸ್ತನೂ ಆ ಹೊಲ ನೋಡಲು ಹೋದರು. ಇಳಿಜಾರು ಶುರುವಾದಲ್ಲಿ ಅವನು ಕೈ ಚಾಚಿದ.

"ನಡೆಯೋಕೆ ನನಗೆ ಯಾರ ಕೈಯೂ ಬೇಡ."

"ಗೊತ್ತು. ನಡೆಸೋಕಲ್ಲ... ಕೈ ಹಿಡಿಯೋಕೆ ಕೇಳ್ತಿದ್ದೀನಿ."

ಅವಳು ಬಿಡಲಿಲ್ಲ. "ಇದೂ ಕನಿಕರಾನಾ?"

"ಕನಿಕರ ನನ್ನ ಮೇಲೆ ತೋರಿಸಿ. ಮೂರು ವಾರದಿಂದ ನೀವು ಬರೋ ತನಕ ಊಟದ ಡಬ್ಬಿ ತೆಗೆದಿಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ತಾನೇ ಅವನ ಕೈ ಹಿಡಿದಳು.

"ಇನ್ನೊಂದು ಸಲ ನನ್ನ ಒಳ್ಳೇದಕ್ಕೆ ಅಂತ ಏನಾದ್ರೂ ತಿದ್ದಿದ್ರೆ... ಜೋಕೆ!"

"ಒಂದು ಗುಡಿಸನ್ನೂ ಮುಟ್ಟಲ್ಲ."