ನಾಲ್ಕನೇ ಕ್ಯಾಮೆರಾಗೆ ಕಾಣದ ಜಾಗ

ಹಿತ್ತಲ ಗೋಡೆಯ ಮೇಲೆ ಮೊದಲು ಎರಡು ಕೈ ಕಾಣಿಸಿದವು. ಆಮೇಲೆ ಒಂದು ಹಣೆ, ಅದರ ಕೆಳಗೆ ಎರಡು ಕಣ್ಣು. ಆ ಕಣ್ಣುಗಳು ಹಿತ್ತಲನ್ನೆಲ್ಲ ನಿಧಾನವಾಗಿ ಸುತ್ತಿ ಬಂದು, ಪುಟ್ಟಿ ಮಾಡಿಟ್ಟಿದ್ದ ಕಪ್‌ಗಳ ಸ್ಟ್ಯಾಂಡಿನ ಮೇಲೆ ನಿಂತವು.

ಪುಟ್ಟಿ ಯೋಚನೆ ಮಾಡುವ ಗೋಜಿಗೆ ಹೋಗಲಿಲ್ಲ. ಜೇಡಿಮಣ್ಣು ಕದಡಿದ ನೀರಿನ ಬಕೆಟ್ಟು ಕೈಗೆಟುಕುವಂತೆ ಇತ್ತು. ಎತ್ತಿ ಎರಚಿಯೇಬಿಟ್ಟಳು.

"ಇವತ್ತು ಸಿಕ್ಕಿಬಿದ್ದೆ," ಎಂದಳು.

ಗೋಡೆಯಾಚೆ ಯಾರೋ ಕೆಮ್ಮಿದರು, ಉಗುಳಿದರು. ಆಮೇಲೆ ಬಹಳ ಮರ್ಯಾದೆಯ ದನಿಯೊಂದು ಬಂತು. "ಮೇಡಂ, ನಾನು ಕ್ಯಾಮೆರಾದವನು. ನೀವೇ ಫೋನ್ ಮಾಡಿ ಕರೆದಿದ್ರಿ."

"ಕ್ಯಾಮೆರಾದವರು ಗೇಟಲ್ಲಿ ನಿಂತು ಬೆಲ್ ಮಾಡ್ತಾರೆ."

"ನಾನು ಮೊದಲು ಹೊರಗಡೆಯಿಂದ ಒಂದು ಸುತ್ತು ಬರ್ತೀನಿ. ಕಳ್ಳ ಹೆಂಗೆ ನೋಡ್ತಾನೋ ಹಂಗೆ ಮನೇನ ನೋಡದೇ ಇದ್ರೆ ಕ್ಯಾಮೆರಾ ಎಲ್ಲಿಡಬೇಕು ಅಂತ ಹೇಗೆ ಗೊತ್ತಾಗುತ್ತೆ?"

ಮಾತೇನೋ ಸರಿಯಾಗಿಯೇ ಇತ್ತು. ಆದರೆ ಗೇಟು ತೆಗೆದಾಗ ಎದುರಿಗೆ ನಿಂತವನ ಅವತಾರ ನೋಡಿ ಪುಟ್ಟಿಗೆ ಕ್ಷಮೆ ಕೇಳಲೂ ಆಗಲಿಲ್ಲ, ನಗು ತಡೆಯಲೂ ಆಗಲಿಲ್ಲ. ತಲೆಯಿಂದ ಎದೆಯವರೆಗೆ ಬೂದು ಬಣ್ಣ. ರೆಪ್ಪೆಯ ಮೇಲೂ ಮಣ್ಣು. ಆ ಮಣ್ಣಿನ ನಡುವೆ ಕಣ್ಣುಗಳು ಮಾತ್ರ ನಗುತ್ತಿದ್ದವು.

"ಬಿಸಿಲಲ್ಲಿ ನಿಂತ್ಕೊಳ್ಳಿ," ಎಂದಳು. "ಒಣಗಿದ ಮೇಲೆ ಉದುರುತ್ತೆ."

"ಬಿರುಕು ಬಿಡಲ್ವಾ?"

"ಒಳ್ಳೆ ಮಣ್ಣು. ಬಿಡಲ್ಲ."

ಪುಟ್ಟಿ ಎಂದರೆ ಪುಟ್ಟ ಹುಡುಗಿ ಎಂದುಕೊಳ್ಳಬೇಡಿ. ವಯಸ್ಸು ಮೂವತ್ತು ದಾಟಿತ್ತು. ಮಣ್ಣಿನಲ್ಲಿ ಕಪ್, ಬಟ್ಟಲು, ಹೂಜಿ ಮಾಡಿ ಅಂಗಡಿಗಳಿಗೆ ಕೊಡುವ ಕೆಲಸ. ಹಿತ್ತಲಲ್ಲಿ ತಗಡಿನ ಶೆಡ್ಡು, ಅದರೊಳಗೆ ಅವನ್ನು ಸುಡಲು ಕರೆಂಟಿನಲ್ಲಿ ಕಾಯುವ ಗೂಡು. ಪುಟ್ಟಿ ಎನ್ನುವುದು ಸೋದರತ್ತೆ ಇಟ್ಟ ಹೆಸರು. ಸಾಕಿ ಬೆಳೆಸಿದವರು ಅವರೇ ಆದ್ದರಿಂದ ಅದನ್ನು ಬದಲಾಯಿಸುವ ಧೈರ್ಯ ಯಾರಿಗೂ ಇರಲಿಲ್ಲ. ಮನೆಯಲ್ಲಿ ಇದ್ದದ್ದು ಇವರಿಬ್ಬರೇ.

ಈಚೆಗೆ ಸ್ಟ್ಯಾಂಡಿನಿಂದ ಕಪ್‌ಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಎದುರುಮನೆಗೆ ಕ್ಯಾಮೆರಾ ಹಾಕಿದವನ ನಂಬರು ತಂದು, ಫೋನು ಕೈಗಿತ್ತು, ಮಾತಾಡುವವರೆಗೆ ಪಕ್ಕದಿಂದ ಕದಲದೆ ನಿಂತದ್ದು ಅತ್ತೆಯೇ.

"ಏನೇನು ಹೋಗಿದೆ?" ಒಣಗಿದ ಮಣ್ಣನ್ನು ಕತ್ತಿನಿಂದ ಉದುರಿಸಿಕೊಳ್ಳುತ್ತ ಅವನು ಕೇಳಿದ.

"ಅದೇ ವಿಚಿತ್ರ. ಸೊಟ್ಟಗಿರೋವೇ ಹೋಗಿವೆ. ಹಿಡಿ ವಾಲಿದ್ದು, ಬಾಯಿ ಓರೆಯಾದದ್ದು. ಪಕ್ಕದಲ್ಲೇ ಚೆನ್ನಾಗಿರೋವು ಇದ್ರೂ ಮುಟ್ಟಿಲ್ಲ."

ಅವನು ಉದುರಿಸಿಕೊಳ್ಳುವುದನ್ನು ನಿಲ್ಲಿಸಿದ. ಸ್ಟ್ಯಾಂಡನ್ನು ನೋಡಿದ, ಗೋಡೆಯುದ್ದಕ್ಕೂ ಹರಡಿದ್ದ ಹಸಿ ಮಣ್ಣಿನ ರಾಶಿಯನ್ನು ನೋಡಿದ. ಆಮೇಲೆ ಬಾಗಿಲಲ್ಲಿ ಮೊಣಕಾಲು ಹಿಡಿದು ನಿಂತಿದ್ದ ಅತ್ತೆಯನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದವನು ಪುಟ್ಟಿಯ ಮುಖ ನೋಡಿ ಸುಮ್ಮನಾದ.

"ಇಂಥ ಕಳ್ಳನ್ನ ನಾನೂ ನೋಡಿಲ್ಲ," ಎಂದಷ್ಟೇ ಹೇಳಿದ.

ಚಹಾ ಕುಡಿಯುತ್ತ ಮಾತು ಕ್ಯಾಮೆರಾಕ್ಕೆ ಬಂತು. ವೈರ್ ಇಲ್ಲದ್ದೇ ಸಾಕಲ್ಲವೇ, ಗೋಡೆಗೆ ಅಂಟಿಸಿದರೆ ಮುಗಿಯಿತು ಎಂದು ಜಾಹೀರಾತಿನಲ್ಲಿ ತೋರಿಸುತ್ತಾರಲ್ಲ, ಎಂದಳು ಪುಟ್ಟಿ.

"ಅಂಟಿಸೋದು ಸುಲಭ. ಆಮೇಲೆ ಚಾರ್ಜ್ ಮಾಡೋಕೆ ಏಣಿ ಹತ್ತೋರು ಯಾರು, ಅಮ್ಮನವರಾ?" ಅವನು ಅತ್ತೆಯ ಕಡೆ ತಿರುಗಿದ. ಅತ್ತೆಗೆ ಖುಷಿಯಾಯಿತು. "ನಿಮ್ಮ ಶೆಡ್ಡಿಗೆ ತಗಡಿನ ಗೋಡೆ. ವೈಫೈ ಅದನ್ನ ದಾಟೋದು ಕಷ್ಟ. ವೈರಾದ್ರೆ ಒಂದೇ ಕೇಬಲ್ಲಲ್ಲಿ ಕರೆಂಟೂ ಹೋಗುತ್ತೆ, ಚಿತ್ರವೂ ಬರುತ್ತೆ. ಎಲ್ಲ ಬಂದು ಮನೆಯೊಳಗೆ ಒಂದು ಡಬ್ಬದಲ್ಲಿ ರೆಕಾರ್ಡ್ ಆಗುತ್ತೆ. ಗೋಡೆ ಕೊರೀಬೇಕು, ಪೈಪ್ ಕೂರಿಸಬೇಕು, ಸ್ವಲ್ಪ ದಿನ ಹಿಡಿಯುತ್ತೆ ಅಷ್ಟೇ."

"ಹಿಡೀಲಿ ಬಿಡಪ್ಪ," ಎಂದರು ಅತ್ತೆ. "ನಮಗೇನು ಅವಸರ."

ಅವನಿಗೆ ಇನ್ನೊಂದು ಪದ್ಧತಿಯೂ ಇತ್ತು. ಯಾವ ಮನೆಗೆ ಹೋದರೂ ಕೆಲಸಕ್ಕೆ ಮುಂಚೆ, ಕ್ಯಾಮೆರಾ ನೋಡಬಾರದ ಜಾಗ ಯಾವುದು ಎಂದು ಕೇಳುತ್ತಿದ್ದ. ದಿನವಿಡೀ ಯಾರೋ ನೋಡುತ್ತಿದ್ದಾರೆ ಅನಿಸಿದರೆ ಮನೆಯವರು ತಮ್ಮ ಮನೆಯಲ್ಲೇ ನೆಂಟರ ಹಾಗೆ ಓಡಾಡುತ್ತಾರಂತೆ. ಒಂದು ಮೂಲೆಯಾದರೂ ಅವರಿಗೆಂದೇ ಇರಬೇಕಂತೆ.

ಪುಟ್ಟಿ ಯೋಚಿಸುವಷ್ಟರಲ್ಲಿ ಅತ್ತೆ ಹೇಳಿಬಿಟ್ಟರು. "ನೀರಿನ ಟ್ಯಾಂಕಿನ ಹಿಂದೆ ಕಲ್ಲುಬೆಂಚು ಇದೆಯಲ್ಲ, ಅದು. ಅಲ್ಲಿ ಕೂತು ನಾನು ಕಾಲು ಚಾಚ್ತೀನಿ. ಅದನ್ನೆಲ್ಲ ಹಿಡೀಬೇಡ."

ಮಾರನೆಯ ದಿನದಿಂದ ಮನೆಯ ತುಂಬ ಡ್ರಿಲ್ಲಿನ ಸದ್ದು, ಸಿಮೆಂಟಿನ ಪುಡಿ. ಪುಟ್ಟಿ ಚಕ್ರದ ಮುಂದೆ ಕೂತು ಮಣ್ಣು ತಿರುಗಿಸುತ್ತಿದ್ದಳು, ಅವನು ಏಣಿಯ ಮೇಲೆ ನಿಂತು ಕೇಬಲ್ ಎಳೆಯುತ್ತಿದ್ದ. ಅವಳು ತಲೆ ಎತ್ತಿದರೆ ಅವನು ಗೋಡೆ ನೋಡುತ್ತಿದ್ದ. ಅವಳು ತಲೆ ತಗ್ಗಿಸಿದರೆ ಡ್ರಿಲ್ಲಿನ ಸದ್ದು ತಾನಾಗಿ ನಿಲ್ಲುತ್ತಿತ್ತು. ಆ ವಾರ ಅವಳ ಸ್ಟ್ಯಾಂಡಿನಲ್ಲಿ ಸೊಟ್ಟ ಕಪ್‌ಗಳು ಎಂದಿಗಿಂತ ಹೆಚ್ಚಾಗಿದ್ದವು.

"ಕೇಬಲ್ಲಿನ ತುದಿಗೆ ಯಾಕೆ ಇಷ್ಟೊಂದು ಸುತ್ತಿ ಬಿಡ್ತೀರಿ? ಸುಮ್ಮನೆ ದಂಡ," ಎಂದು ಒಮ್ಮೆ ಕೇಳಿದಳು.

"ಮುಂದೆ ನಿಮಗೆ ಜಾಗ ಬದಲಾಯಿಸಬೇಕು ಅನ್ನಿಸಬಹುದು. ಬಿಗಿಯಾಗಿ ಕತ್ತರಿಸಿಬಿಟ್ರೆ ಆಮೇಲೆ ಒಂದು ಗೇಣೂ ಸಿಗಲ್ಲ."

ಆ ಮಾತನ್ನು ಅವಳು ಬಹಳ ಹೊತ್ತು ತಲೆಯಲ್ಲಿ ತಿರುಗಿಸಿದಳು. ಈ ಮನುಷ್ಯ ಇನ್ನು ಯಾವುದಕ್ಕೆಲ್ಲ ಹೀಗೆ ಜಾಗ ಬಿಟ್ಟಿರುತ್ತಾನೆ ಎಂದು ತಿಳಿಯುವ ಕುತೂಹಲ ಹುಟ್ಟಿತು. ಸುಮ್ಮನೆ ಹುಟ್ಟಿ ಹೋಗುವ ಕುತೂಹಲವಾಗಿರಲಿಲ್ಲ ಅದು. ಊಟಕ್ಕೆ ಕೂತರೂ ಜೊತೆಗೇ ಬಂದು ಕೂರುತ್ತಿತ್ತು.

ಕ್ಯಾಮೆರಾಗಳನ್ನು ಸರಿಯಾಗಿ ತಿರುಗಿಸುವ ದಿನ ಬಂತು. ಅವನು ಹೊರಗೆ ಒಂದೊಂದು ಕ್ಯಾಮೆರಾದ ಮುಂದೆ ನಿಲ್ಲಬೇಕು, ಅವಳು ಒಳಗೆ ಪರದೆ ನೋಡುತ್ತ ಫೋನಿನಲ್ಲಿ ಹೇಳಬೇಕು.

"ಕಾಣ್ತಿದೀನಾ?"

"ಅರ್ಧ. ಎಡಕ್ಕೆ ತಿರುಗಿಸಿ."

"ಈಗ?"

ಈಗ ಪೂರ್ತಿ ಕಾಣುತ್ತಿದ್ದ. ಎದುರಿಗಿದ್ದಾಗ ನೋಡಲು ಧೈರ್ಯವಾಗದ ಮುಖವನ್ನು ಪರದೆಯ ಮೇಲೆ ಎಷ್ಟು ಹೊತ್ತು ನೋಡಿದರೂ ಕೇಳುವವರಿರಲಿಲ್ಲ. ಹುಬ್ಬಿನ ಮಧ್ಯೆ ಹಳೆಯ ಗಾಯದ ಗೆರೆ. ನಗು ಬಂದರೆ ಮೊದಲು ಬಲಗೆನ್ನೆಗೆ ಗೊತ್ತಾಗುತ್ತಿತ್ತು. ಅವನು ಕ್ಯಾಮೆರಾವನ್ನೇ ನೋಡುತ್ತಿದ್ದದ್ದರಿಂದ ನೇರ ಅವಳ ಕಣ್ಣನ್ನೇ ನೋಡಿದ ಹಾಗಿತ್ತು. ಪುಟ್ಟಿ ತನಗೆ ಗೊತ್ತಿಲ್ಲದೆ ಸೆರಗು ಸರಿಮಾಡಿಕೊಂಡಳು.

"ಮೇಡಂ, ಕಾಣ್ತಿದೀನಾ?"

"ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿರಿ. ನೋಡ್ತಿದೀನಿ."

ಪಕ್ಕದಲ್ಲಿದ್ದ ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಗಂಟಲು ಸರಿಮಾಡಿಕೊಂಡರು.

ನಾಲ್ಕನೇ ಕ್ಯಾಮೆರಾ ಟ್ಯಾಂಕಿನ ಪಕ್ಕದ ಗೋಡೆಯ ಮೇಲಿತ್ತು. ಕಪ್‌ಗಳ ಸ್ಟ್ಯಾಂಡನ್ನು ಕಾಯುವ ಕ್ಯಾಮೆರಾ ಅದೇ. ಅದೊಂದಕ್ಕೆ ಮೈಕೂ ಇತ್ತು, ಸ್ಪೀಕರೂ ಇತ್ತು. ಅತ್ತೆ ಹಟ ಮಾಡಿ ಹಾಕಿಸಿದ್ದರು. ಕಳ್ಳನ ಮುಖ ಕಾಣದಿದ್ದರೂ ಕೆಮ್ಮಾದರೂ ಕೇಳಲಿ ಎನ್ನುವುದು ಅವರ ವಾದ. ಫೋನಿನ ಯಾವ ಗುಂಡಿ ಒತ್ತಿದರೆ ಇಲ್ಲಿಯ ಮಾತು ಅಲ್ಲಿಗೆ ಕೇಳುತ್ತದೆ ಎಂದು ಅವನಿಂದ ಕಲಿತು, ಅಂದಿನಿಂದ ಸೋಫಾ ಬಿಟ್ಟೇಳದೆ ಹಿತ್ತಲಿನ ಬೆಕ್ಕನ್ನು ಗದರಿಸುತ್ತಿದ್ದರು.

ಕ್ಯಾಮೆರಾ ಬಂದ ಮೇಲೆ ಒಂದು ಕಪ್ಪೂ ಕಳುವಾಗಲಿಲ್ಲ. ಅದಕ್ಕೆ ಸಂತೋಷಪಡಬೇಕಾದ ಪುಟ್ಟಿ ಮಾತ್ರ ದಿನ ಎಣಿಸತೊಡಗಿದಳು. ಕೆಲಸ ಮುಗಿದರೆ ಅವನು ಹೋಗುತ್ತಾನೆ. ವೈರಿನ ಕ್ಯಾಮೆರಾ ಒಮ್ಮೆ ಕೂರಿಸಿದರೆ ಮತ್ತೆ ಅದರ ತಂಟೆಗೇ ಹೋಗಬೇಕಾಗಿಲ್ಲ ಎಂದು ಅವನೇ ಹೆಮ್ಮೆಯಿಂದ ಹೇಳಿದ್ದ.

ಹಿಂದೊಮ್ಮೆ ಹೀಗೇ ಆಗಿತ್ತು. ಜೊತೆಯಲ್ಲಿ ಮಣ್ಣಿನ ಕೆಲಸ ಕಲಿತ ಒಬ್ಬ. ಅವನೇ ಹೇಳಲಿ ಎಂದು ಇವಳು, ಇವಳೇ ಹೇಳಲಿ ಎಂದು ಅವನು. ಕೊನೆಗೆ ಅವನು ತನ್ನ ಮದುವೆಗೆ ಕರೆಯಲು ಬಂದ, ಇವಳು ಉಡುಗೊರೆಗೆ ಕಪ್‌ಗಳ ಒಂದು ಸೆಟ್ಟು ಮಾಡಿಕೊಟ್ಟಳು. ಆ ಸೆಟ್ಟಿನಲ್ಲಿ ಒಂದೇ ಒಂದು ಸೊಟ್ಟ ಕಪ್ ಇರಲಿಲ್ಲ. ಈ ಸಲವೂ ಬಾಯಿಗೆ ಬೀಗ ಹಾಕಿಕೊಂಡರೆ ಗತಿ ಅದೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ ಬಾಯಿಂದ ಬಂದದ್ದು ಕ್ಯಾಮೆರಾದ ಮಾತೇ.

"ಮೆಟ್ಟಿಲ ಹತ್ರ ಇನ್ನೊಂದು ಬೇಕಿತ್ತೇನೋ."

"ಗೇಟಿನ ಕ್ಯಾಮೆರಾಗೇ ಮೆಟ್ಟಿಲು ಕಾಣುತ್ತೆ ಮೇಡಂ. ಸುಮ್ಮನೆ ಖರ್ಚು."

"ಟೆರೇಸಿಗೆ?"

"ಟೆರೇಸಲ್ಲಿ ಏನಿದೆ ಕದಿಯೋಕೆ?"

ಇಷ್ಟೊಂದು ಪ್ರಾಮಾಣಿಕನಾಗಿರುವ ಅಗತ್ಯ ಏನಿದೆಯೋ ಎಂದು ಅವಳಿಗೆ ಸಿಟ್ಟು ಬಂತು. ಅಳುವೂ ಬಂತು.

ಕೊನೆಯ ದಿನ ಮಧ್ಯಾಹ್ನ ಅವನು ಪಾಸ್‌ವರ್ಡ್ ಬರೆದುಕೊಟ್ಟ, ಏಣಿ ಮಡಚಿದ, ಸಿಮೆಂಟಿನ ಪುಡಿ ಗುಡಿಸಿದ. ಗುಡಿಸಿದ ಜಾಗವನ್ನೇ ಮತ್ತೊಮ್ಮೆ ಗುಡಿಸಿದ. ಬ್ಯಾಗಿನ ಜಿಪ್ ಎಳೆಯುವ ಸದ್ದು ಕೇಳಿದಾಗ ಪುಟ್ಟಿ ಕೈಯ ಮಣ್ಣನ್ನೂ ತೊಳೆಯದೆ ಎದ್ದು ಬಂದಳು.

"ಒಂದು ಜಾಗ ನೋಡೋದು ಬಾಕಿ ಇದೆ," ಎಂದಳು.

ಟ್ಯಾಂಕಿನ ಹಿಂದೆ ನೆರಳಿತ್ತು. ಕಲ್ಲುಬೆಂಚಿನ ಈ ತುದಿಗೆ ಅವಳು ಕೂತಳು, ಆ ತುದಿಗೆ ಅವನು. ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ.

"ಇಲ್ಲಿ ಯಾವ ಕ್ಯಾಮೆರಾಗೂ ಕಾಣಲ್ಲ ಅಲ್ವಾ?"

"ಕಾಣಲ್ಲ."

ತಡವರಿಸಿ ಕಾಲು ಹಿಂದಕ್ಕೆಳೆದುಕೊಂಡಳು. ಹಿಮ್ಮಡಿ ಬೆಂಚಿನ ಕೆಳಗೆ ಬೋರಲಾಗಿದ್ದ ಪ್ಲಾಸ್ಟಿಕ್ ಟಬ್ಬಿಗೆ ತಗುಲಿತು. ಒಳಗಿನಿಂದ ಟಣ್ ಎಂದಿತು. ಆ ಸದ್ದು ಅವಳಿಗೆ ಗೊತ್ತಿಲ್ಲದ್ದೇ? ತನ್ನ ಕಪ್‌ಗಳ ಸದ್ದು.

ಟಬ್ಬು ಎತ್ತಿ ನೋಡಿದರೆ ಹೋದವೆಲ್ಲ ಅಲ್ಲೇ ಇದ್ದವು. ವಾಲಿದ ಹಿಡಿಗಳು, ಓರೆಯಾದ ಬಾಯಿಗಳು. ಒಂದಕ್ಕೊಂದು ತಾಗದಂತೆ ಪ್ರತಿಯೊಂದನ್ನೂ ಹೂವಿನ ಚಿತ್ರದ ಬಟ್ಟೆಯಲ್ಲಿ ಸುತ್ತಿಡಲಾಗಿತ್ತು. ಅತ್ತೆಯ ಹಳೆಯ ದಿಂಬಿನ ಚೀಲದ ಬಟ್ಟೆ ಅದು.

ಪುಟ್ಟಿ ತಿರುಗಿ ಅವನನ್ನು ನೋಡಿದಳು. ಅವನ ಮುಖದಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

"ನಿಮಗೆ ಗೊತ್ತಿತ್ತು."

"ಎಲ್ಲಿಟ್ಟಿದಾರೆ ಅಂತ ಗೊತ್ತಿರಲಿಲ್ಲ. ಹೊರಗಿನವರು ಬಂದಿಲ್ಲ ಅಂತ ಮೊದಲ ದಿನವೇ ಗೊತ್ತಾಯ್ತು. ಗೋಡೆ ಹಾರಿದರೆ ನಿಮ್ಮ ಹಸಿ ಮಣ್ಣಿನ ಮೇಲೇ ಕಾಲಿಡಬೇಕು. ಒಂದು ಹೆಜ್ಜೆಯೂ ಇರಲಿಲ್ಲ. ಮೇಲಾಗಿ, ನಿಮಗೆ ನಷ್ಟ ಆಗಬಾರದು ಅಂತ ನೋಡಿ ನೋಡಿ ಕದಿಯೋ ಕಳ್ಳ ಮನೆಯವರೇ ಆಗಿರಬೇಕಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

ಅವನು ತನ್ನ ಅಂಗೈ ನೋಡಿಕೊಂಡ. "ಗೇಟಿಗೆ, ಶೆಡ್ಡಿಗೆ ಕ್ಯಾಮೆರಾ ಬೇಕಾಗೇ ಇತ್ತು. ಅದರಲ್ಲಿ ಸುಳ್ಳಿಲ್ಲ. ಆದ್ರೆ ಕಳ್ಳನ ವಿಷಯ ಹೇಳಿದ್ರೆ, ನೀವು ಅಲ್ಲಿಗೆ ಸಾಕು ಅಂತಿದ್ರಿ. ಅವತ್ತೇ ಹೊರಡಬೇಕಾಗ್ತಿತ್ತು." ಅಂಗೈಗೆ ಅಂಟಿದ್ದ ಸಿಮೆಂಟಿನ ಪುಡಿ ಉಜ್ಜಿಕೊಳ್ಳುತ್ತ ಹೇಳಿದ. "ಹೊರಡೋಕೆ ಮನಸ್ಸಾಗಲಿಲ್ಲ. ಮೈಮೇಲೆ ಮಣ್ಣು ಸುರಿದು ಬಿಸಿಲಲ್ಲಿ ಒಣಗೋಕೆ ನಿಲ್ಲಿಸಿದವರನ್ನ ನಾನು ಈವರೆಗೆ ನೋಡಿರಲಿಲ್ಲ."

ಪುಟ್ಟಿಗೆ ಕಣ್ಣು ಎಲ್ಲಿಡಬೇಕೋ ತಿಳಿಯಲಿಲ್ಲ. ಕೈಯಲ್ಲಿದ್ದ ಸೊಟ್ಟ ಕಪ್ಪನ್ನು ತಿರುಗಿಸುತ್ತ, "ಆದ್ರೂ ಅತ್ತೆ ಯಾಕೆ ಹೀಗೆ ಮಾಡಿದ್ರು?" ಎಂದು ತನಗೆ ತಾನೇ ಹೇಳಿಕೊಂಡಳು.

"ಇನ್ನೇನು ಮಾಡಲಿ?" ಎಂದಿತು ಗೋಡೆ.

ಇಬ್ಬರೂ ಬೆಚ್ಚಿದರು. ಟ್ಯಾಂಕಿನ ಆಚೆಯಿಂದ, ನಾಲ್ಕನೇ ಕ್ಯಾಮೆರಾದ ಸ್ಪೀಕರಿನಿಂದ ಅತ್ತೆಯ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಕಣ್ಣಿಗೆ ಮರೆ ಮಾಡಿದ್ದ ಜಾಣ ಕಿವಿಯನ್ನು ಮರೆತುಬಿಟ್ಟಿದ್ದ.

"ಎದುರುಮನೆಯಲ್ಲಿ ಕೆಲಸ ಮಾಡೋವಾಗ ಇವನನ್ನ ಕಿಟಕೀಲಿ ನೋಡಿದ್ದೆ. ಪಕ್ಕದಲ್ಲೇ ಹಕ್ಕಿ ಗೂಡು ಕಟ್ಟಿದೆ ಅಂತ, ಕೊರೆದ ತೂತನ್ನ ಮುಚ್ಚಿ, ಪೈಪನ್ನ ಬೇರೆ ಕಡೆಯಿಂದ ಸುತ್ತಿಸಿದ. ಇಂಥವನು ನಮ್ಮನೆಗೂ ಬರಲಿ ಅನ್ನಿಸ್ತು. ನೋಡು ಬಾ ಅಂತ ನಿನ್ನ ಎಷ್ಟು ಸಲ ಕರೆದೆ. ನೀನು ಆ ಕಪ್ ಬಿಟ್ಟು ತಲೆ ಎತ್ತಿ ಏನನ್ನಾದ್ರೂ ನೋಡಿದ್ದುಂಟೇನೇ ಪುಟ್ಟಿ? ಅದಕ್ಕೇ ಕಪ್ಪನ್ನೇ ಕದಿಯಬೇಕಾಯ್ತು."

ಸ್ಪೀಕರು ಸುಮ್ಮನಾಯಿತು. ಅತ್ತೆ ಕೇಳುತ್ತಲೇ ಇದ್ದಾರೆಂಬುದರಲ್ಲಿ ಅನುಮಾನವಿರಲಿಲ್ಲ.

ಅವನು ಎದ್ದು ನಿಂತ. ಮೊದಲ ಬಾರಿಗೆ ಅವನ ಮಾತು ತೊದಲಿತು. "ಸೌಂಡ್ ಆಫ್ ಮಾಡೋದು ಹೇಗೆ ಅಂತ ಅಮ್ಮನಿಗೆ ಹೇಳಿಕೊಟ್ಟಿಲ್ಲ ನಾನು. ಅದಕ್ಕೆ ಬೇಕಾದ್ರೆ ನಾಳೆ ಒಂದು ಸಲ ಬರ್ತೀನಿ."

ನೆಪ ಕೈಗೆ ಸಿಕ್ಕಿತ್ತು. ಸರಿ, ಬನ್ನಿ ಎಂದು ತಲೆಯಾಡಿಸಿದ್ದರೆ ಅಂದಿಗೆ ಸಾಕಾಗುತ್ತಿತ್ತು. ನಾಳೆ ಇನ್ನೊಂದು ನೆಪ, ನಾಳಿದ್ದು ಮತ್ತೊಂದು. ಅವನು ಹೇಳಲಿ ಎಂದು ಇವಳು, ಇವಳು ಹೇಳಲಿ ಎಂದು ಅವನು.

ಪುಟ್ಟಿ ಎದ್ದು ಟ್ಯಾಂಕಿನ ಮರೆಯಿಂದ ಈಚೆ ಬಂದಳು. ಒಳಗಿನ ಪರದೆಯಲ್ಲಿ ತಾನು ಪೂರ್ತಿ ಕಾಣುವ ಜಾಗ ಯಾವುದೆಂದು ಅವಳಿಗೀಗ ಗೊತ್ತಿತ್ತು. ಅಲ್ಲಿಯೇ ನಿಂತು, ಅವನ ಕಡೆ ಮಣ್ಣಿನ ಕೈ ಚಾಚಿದಳು.

"ಸೌಂಡ್ ಹಾಗೇ ಇರಲಿ," ಎಂದಳು. ದನಿ ಮೈಕಿಗೆ ಕೇಳುವಷ್ಟು ಗಟ್ಟಿಯಾಗಿತ್ತು. "ನಾಳೆ ಇಲ್ಲಿ ನಿಮಗೆ ಏನೂ ಕೆಲಸ ಇಲ್ಲ. ನಾಳಿದ್ದೂ ಇರಲ್ಲ. ಆದ್ರೂ ಬನ್ನಿ. ನೀವು ಬರಬೇಕು ಅಂತ ನನಗೆ ಆಸೆ."

ಅವನು ಮರೆಯಿಂದ ಈಚೆ ಬಂದು ಆ ಕೈ ಹಿಡಿದುಕೊಂಡ. ಇಬ್ಬರ ಅಂಗೈ ನಡುವೆ ಹಸಿ ಮಣ್ಣು ಮೆತ್ತಿಕೊಂಡಿತು. ಬಲಗೆನ್ನೆಯಲ್ಲಿ ಮೊದಲು ಕಾಣಿಸಿಕೊಂಡ ನಗು ಮುಖವನ್ನೆಲ್ಲ ತುಂಬಿತು. ಇಷ್ಟು ಹತ್ತಿರದಿಂದ ಅದನ್ನು ನೋಡಲು ಅವಳಿಗೆ ಪರದೆ ಬೇಕಾಗಲಿಲ್ಲ.

"ಅಮ್ಮ," ಅವನು ಕ್ಯಾಮೆರಾದ ಕಡೆ ತಲೆ ಎತ್ತಿ ಕೇಳಿದ, "ಕಾಣ್ತಿದೀವಾ?"

ಸ್ಪೀಕರಿನಿಂದ ಯಾರೋ ಮೂಗು ಒರೆಸಿಕೊಂಡ ಸದ್ದು ಬಂತು.

"ಪೂರ್ತಿ ಕಾಣ್ತಿದೀರ," ಎಂದರು ಅತ್ತೆ. "ಹಾಗೇ ನಿಂತಿರಿ."