ತಪ್ಪಿಹೋದ ಹಡಗು

"ಬಿಡ್ರೀ ನನ್ನ! ಬಿಡಿ ಅಂದ್ರೆ...!"

ಕಣ್ಣು ಮುಚ್ಚಿ, ಅಲೆಗಳ ಮೇಲೆ ಹಾಯಾಗಿ ಅಂಗಾತ ತೇಲುತ್ತಿದ್ದ ಎವಾಂಥಿಯಾಳನ್ನು ಯಾರೋ ಭುಜ ಹಿಡಿದು ದಡಕ್ಕೆ ಎಳೆಯುತ್ತಿದ್ದರು! ಕಾಲಿಗೆ ನೆಲ ಸಿಕ್ಕಿದ್ದೇ ತಡ, ತಿರುಗಿ ಫಟಾರನೆ ಒಂದು ಕೊಟ್ಟಳು.

ಏಟು ತಿಂದವನು ಅಂಗಿ, ಬೂಟು ಸಮೇತ ತೊಯ್ದು ತೊಪ್ಪೆಯಾಗಿ ನಿಂತಿದ್ದ.

"ಮುಳುಗ್ತಿದ್ದೀರಿ ಅನ್ಕೊಂಡೆ..."

"ತೇಲ್ತಿದ್ದೆ ಕಣ್ರೀ! ರಜಕ್ಕೆ ಬಂದಿದ್ದೀನಿ!"

"ಸ್ವಲ್ಪಾನೂ ಅಲುಗಾಡ್ತಿರ್ಲಿಲ್ಲ ನೀವು."

"ಅದಕ್ಕೇ ಅಲ್ವಾ ರಜಾ ಅನ್ನೋದು?"

ಅವನು ಕೆನ್ನೆ ಸವರಿಕೊಂಡು ಯೋಚಿಸಿದ. ಆಮೇಲೆ ಜೋರಾಗಿ ನಕ್ಕುಬಿಟ್ಟ. "ಹಾಗಾದ್ರೆ ನೀವು ನಮ್ಮ ಇಕಾರಿಯಾ ದ್ವೀಪಕ್ಕೆ ಸರಿಯಾದ ಹೆಂಗಸು!"

ಎವಾಂಥಿಯಾ ಅಥೆನ್ಸಿನ ಶಾಲೆಯೊಂದರಲ್ಲಿ ಸಂಗೀತದ ಟೀಚರ್. ಹಾಸಿಗೆ ಹಿಡಿದ ಅಮ್ಮನನ್ನು ವರ್ಷಗಟ್ಟಲೆ ನೋಡಿಕೊಂಡವಳು. ಅಮ್ಮ ತೀರಿಕೊಂಡ ಮೇಲೆ ಅವಳ ಗಂಟಲಿನಿಂದ ಒಂದು ಹಾಡೂ ಹೊರಟಿರಲಿಲ್ಲ. ಇದು ಅವಳ ಮೊದಲ ರಜೆ. ಉಳಿದುಕೊಂಡಿದ್ದು ಮುದುಕಿ ಅರ್ಗಿರೋ ಮನೆಯ ಮಹಡಿಯಲ್ಲಿ. ತೊಯ್ದು ನಿಂತವನು ಆಕೆಯ ಅಣ್ಣನ ಮಗ, ಮೀನುಗಾರ ಫಾನೂರಿಸ್.

ಆ ದ್ವೀಪದಲ್ಲಿ ಯಾರಿಗೂ ಅವಸರವಿರಲಿಲ್ಲ. ಬೇಕರಿಯವನು ಬಾಗಿಲು ತೆರೆದಿಟ್ಟು ಮಲಗಿಬಿಡುತ್ತಿದ್ದ. ಬೇಕಾದವರೇ ಬ್ರೆಡ್ ಎತ್ತಿಕೊಂಡು ಹೋಗುತ್ತಿದ್ದರು. ಫಾನೂರಿಸ್ ಬಲೆಗೆ ಬಿದ್ದ ಮರಿಮೀನುಗಳನ್ನು ಒಂದೊಂದಾಗಿ ನೀರಿಗೆ ಬಿಡುತ್ತ, "ಹೋಗು, ದೊಡ್ಡವನಾಗಿ ಬಾ," ಎನ್ನುತ್ತಿದ್ದ.

'ಇಷ್ಟು ದೊಡ್ಡ ಕೈಗಳಲ್ಲಿ ಇಷ್ಟೊಂದು ಮೃದುತ್ವವೇ...' ಎಂದು ಅವಳು ನೋಡುತ್ತಲೇ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಅವನ ದೋಣಿಯಲ್ಲಿ ಕುಳಿತಿದ್ದಾಗ ತನಗೇ ಗೊತ್ತಿಲ್ಲದೆ ಅಮ್ಮನ ಹಾಡೊಂದನ್ನು ಗುನುಗಿದಳು. ಫಾನೂರಿಸ್ ಎಂಜಿನ್ ಆರಿಸಿದ, ಅಷ್ಟೇ. ಸಮುದ್ರವೆಲ್ಲ ಮೌನವಾಯಿತು... ಅವಳು ಕೊನೆಯ ಸಾಲಿನವರೆಗೂ ಹಾಡಿದಳು.

ಹೊರಡುವ ಹಿಂದಿನ ಸಂಜೆ ಅವನ ಬಾಯಿಂದ ಒಂದೇ ಒಂದು ಮಾತಿಗಾಗಿ ಕಾದಳು.

"ಸುಖವಾಗಿ ಹೋಗಿ," ಎಂದ ಅವನು. ಅಷ್ಟೇನಾ...?

ಬೆಳಿಗ್ಗೆ ಅರ್ಗಿರೋ ಕಾಫಿ ತಂದಿಟ್ಟಳು. "ಹಡಗು ಸಂಜೆಗಂತೆ ಮಗಳೇ. ಫಾನೂರಿಸ್ ಹೇಳ್ದ. ನಿಧಾನಕ್ಕೆ ಏಳು."

ಆದರೆ ಕಾಫಿ ಮುಗಿಸಿ ಕಿಟಕಿ ತೆರೆದರೆ... ಹಡಗು ಬಂದರು ಬಿಟ್ಟು ಹೊರಟೇಹೋಗಿತ್ತು! ನಾಳೆ ಶಾಲೆ ಶುರು!

ಪೆಟ್ಟಿಗೆ ಎಳೆದುಕೊಂಡು ಬಂದರಿಗೆ ಓಡಿದಳು. ಫಾನೂರಿಸ್ ತನ್ನ ದೋಣಿಯ ಪಕ್ಕದಲ್ಲೇ ನಿಂತಿದ್ದ.

"ಇರಿ ಅಂತ ಬಾಯಿಬಿಟ್ಟು ಕೇಳೋಕೆ ಧೈರ್ಯ ಇಲ್ಲ, ಸುಳ್ಳು ಹೇಳಿಸೋಕೆ ಇದೆಯಾ? ನಿಮ್ಮನ್ನ ಏನೋ ಅಂದ್ಕೊಂಡಿದ್ದೆ!"

ಫಾನೂರಿಸ್ ಕಕ್ಕಾಬಿಕ್ಕಿಯಾದ. ಅವಳ ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದ ಅತ್ತೆಯನ್ನು ಕಂಡ. ತಲೆ ತಗ್ಗಿಸಿದ.

"ತಪ್ಪಾಯ್ತು. ದೋಣಿ ಹತ್ತಿ. ಪಕ್ಕದ ಸಾಮೋಸ್ ದ್ವೀಪದಿಂದ ಅಥೆನ್ಸಿಗೆ ಸಂಜೆ ವಿಮಾನ ಇದೆ, ಮುಟ್ಟಿಸ್ತೀನಿ."

"ಅಯ್ಯೋ, ಅವನಿಗೇನೂ ಗೊತ್ತಿಲ್ಲ ಮಗಳೇ!" ಅರ್ಗಿರೋ ಕೂಗಿದಳು. "ಸುಳ್ಳು ಹೇಳಿದ್ದು ಈ ಮುದುಕಿ! ನೀನು ಹೋಗ್ತೀಯ ಅಂತ ನಿನ್ನೆ ತುತ್ತು ಅನ್ನಕ್ಕೂ ಕೈ ಹಾಕ್ಲಿಲ್ಲ ಇವನು. ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತೇನೋ!"

ಅವಳು ದೋಣಿ ಹತ್ತಿದಳು; ದಡ ದೂರವಾದ ಮೇಲೆ ಕೇಳಿದಳು.

"ಯಾಕೆ ತಪ್ಪು ಒಪ್ಕೊಂಡ್ರಿ?"

"ನಿಮ್ಮ ಬೈಗುಳ ಅತ್ತೆ ತಡೀತಿರ್ಲಿಲ್ಲ. ನಾನು ತಡ್ಕೋತೀನಿ."

"ಮತ್ತೆ... ಇರಿ ಅಂತ ಯಾಕೆ ಕೇಳ್ಲಿಲ್ಲ?"

ಫಾನೂರಿಸ್ ನೀರನ್ನೇ ನೋಡುತ್ತ ಹೇಳಿದ. "ಹಿಂದೆ ಒಬ್ಬಳನ್ನ ಕೇಳಿದ್ದೆ. ಬೇಸಿಗೆ ನೋಡಿ ಉಳಿದ್ಲು. ಚಳಿಗಾಲ ಬಂತು... ಬರೀ ಗಾಳಿ, ಬೀಗ ಹಾಕಿದ ಅಂಗಡಿಗಳು. ಅವಳ ನಗು ದಿನದಿನಕ್ಕೂ ಕರಗಿಹೋಯ್ತು. ನಿಮ್ಮ ಹಾಡೂ ಹಾಗೇ ನಿಂತುಹೋದ್ರೆ... ನೋಡೋಕೆ ನನ್ನ ಕೈಲಾಗಲ್ಲ."

ಎವಾಂಥಿಯಾಳ ಕಣ್ಣು ತುಂಬಿತು. 'ಪ್ರೀತಿ ಇಲ್ಲ ಅಂದುಕೊಂಡೆನಲ್ಲ... ಪ್ರೀತಿ ಹೆಚ್ಚಾಗಿಯೇ ಬಾಯಿ ಕಟ್ಟಿತ್ತು ಇವನಿಗೆ!'

ಎದುರಿಗೆ ಸಾಮೋಸ್‌ನ ಬೆಟ್ಟಗಳು ಕಾಣಿಸತೊಡಗಿದವು.

"ಕ್ರಿಸ್ಮಸ್‌ಗೆ ಶಾಲೆಗೆ ರಜಾ," ಎಂದಳು. "ಬರ್ತೀನಿ."

"ಆಗ ನಮ್ಮೂರಲ್ಲಿ ಏನೂ ಇರಲ್ಲ ಎವಾಂಥಿಯಾ..."

"ನೀನಿರ್ತೀಯಲ್ಲ!"

ಮೊದಲ ಸಲ 'ನೀನು' ಎಂದಿದ್ದಳು. ಅವಳು ಎದ್ದು ಹೋಗಿ ಚುಕ್ಕಾಣಿಯ ಮೇಲಿದ್ದ ಅವನ ಕೈ ಹಿಡಿದುಕೊಂಡಳು.

"ಯಾವ ಹಡಗಿಗೆ ಬರ್ತೀಯ?" ಅವನು ಕೇಳಿದ.

"ಈಗಲೇ ಹೇಗೆ ಹೇಳ್ಲಿ?"

"ಹೇಳ್ಬೇಡ ಬಿಡು... ಎಲ್ಲಾ ಹಡಗಿಗೂ ಬಂದು ನಿಂತಿರ್ತೀನಿ."