ಹತ್ತು ಸಾವಿರದ ಒಂದನೆಯ ಚೌಕ

“ಎಣಿಕಿ ಮುಗದೈತ್ರಿ. ಇನ್ನ ಒಂದೂ ಹಿಡಿಯಂಗಿಲ್ಲ!”

ಮಠದ ಜಗಲಿಯಲ್ಲಿ ಬಟ್ಟೆ ಚೌಕಗಳ ಲೆಕ್ಕ ಬರೆಯುತ್ತಿದ್ದ ಕಾಂಚನಾ ತಲೆ ಎತ್ತದೆಯೇ ಹೇಳಿದಳು. ಎತ್ತಿ ನೋಡಿದರೆ... ಅವನೇ! ಎರಡು ವರ್ಷದಿಂದ ಜಮಖಂಡಿ ಬಸ್ಸಿನಲ್ಲಿ ದಿನವೂ ಕಾಣುವ, ಒಂದು ಮಾತೂ ಆಡದ ಲೆಕ್ಕದ ಮಾಸ್ತರು ವಿಶ್ವಾಸ.

ರಬಕವಿಯ ಹೆಂಗಸರು ಮಠಕ್ಕೊಂದು ದೊಡ್ಡ ಕೌದಿ ಹೊಲಿದುಕೊಡುವ ಹರಕೆ ಹೊತ್ತಿದ್ದರು. ಒಬ್ಬೊಬ್ಬಳ ಹಳೆ ಸೀರೆಯಿಂದ ಒಂದೊಂದು ಚೌಕ, ಒಟ್ಟು ಹತ್ತು ಸಾವಿರ. ನೂರು ಸಾಲು, ಸಾಲಿಗೆ ನೂರು. ನಾಳೆಯೇ ಹೊಲಿಗೆ ಆರಂಭ. ಲೆಕ್ಕವೆಲ್ಲ ಕಾಂಚನಾಳದು.

“ಒಂದ ಒಂದು ತುಂಡ್ರಿ... ನಮ್ಮ ಆಯೀದು.” ವಿಶ್ವಾಸ ಅಂಗೈ ಚಾಚಿದ. ದಾಳಿಂಬೆ ಬಣ್ಣದ ಪುಟ್ಟ ಚೌಕ.

ನಾಚಿಕೆ ಮುಚ್ಚಿಕೊಳ್ಳಲು ಅವಳು ತಮಾಷೆಗಿಳಿದಳು. “ಮಾಸ್ತರ ಮನ್ಯಾಗ ತಡಾ ಆದ್ರ ಹೆಂಗ್ರಿ? ಮುಂದಿನ ಸಲ ಲಗೂ ಕೊಡಂತ ಆಯಿಗೆ ಹೇಳ್ರಿ!”

ಅವನ ಮುಖ ಬಾಡಿತು. ಚೌಕವನ್ನು ಜೇಬಿಗಿಟ್ಟು ಹೊರಟುಹೋದ.

“ಏನಂದಿಬೇ ನೀ?” ಪಕ್ಕದಲ್ಲಿದ್ದ ನಂದಾ ಅತ್ತಿ ಹಣೆ ಬಡಿದುಕೊಂಡಳು. “ಅವನ ಆಯಿ ಕಾಶೀಬಾಯಿ ತೀರಿ ಎರಡು ತಿಂಗಳಾತು!”

ಶಿವನೇ... ಎಂಥ ಮಾತಾಡಿದೆ ನಾನು!

“ಅಳಬ್ಯಾಡ,” ಅತ್ತಿ ಸಮಾಧಾನ ಮಾಡಿದಳು. “ಆ ಚೌಕ ಕೌದಿ ಹಿಂದಿನ ಮಗ್ಗಲ ಹಚ್ಚಿದ್ರಾತು.”

“ಒಬ್ಬಾಕಿನ್ನ ಹಿಂದ ಕುಂದ್ರಸೂದೇನ್ ಅತ್ತಿ? ಎಲ್ಲಾರ ಸಾಲಿನ್ಯಾಗ ಬರಬೇಕು.”

ಬೇರೆ ಯಾರ ಚೌಕ ತೆಗೆಯುವುದು? ಒಂದೊಂದೂ ಒಬ್ಬಳ ಬದುಕು.

ಗದ್ದುಗೆಗೆ ಕೈಮುಗಿದು ಹಾಳೆ ಹಿಡಿದಳು. ಹತ್ತು ಸಾವಿರದ ಒಂದನ್ನು ಸಮ ಸಾಲುಗಳಾಗಿ ಹಂಚಬೇಕು. ಏಳರಿಂದ ಭಾಗಿಸಿದರೆ ಐದು ಉಳಿಯಿತು. ಹನ್ನೊಂದರಿಂದ ಎರಡು, ಹದಿಮೂರರಿಂದ ನಾಲ್ಕು. ಯಾವ ಸಾಲಿಗೂ ಒಗ್ಗದ ಹಟಮಾರಿ ಸಂಖ್ಯೆ! ಐವತ್ತು ದಾಟಿತು... ಎಪ್ಪತ್ತೊಂದೂ ಒಲ್ಲೆನೆಂದಿತು.

ಎಪ್ಪತ್ಮೂರು... ಶೇಷ ಸೊನ್ನೆ!

“ಅತ್ತಿ, ಕೌದಿ ಉದ್ದಾಗತೈತಿ!”

“ಆಗಲಿ ತಗೋ. ದೇವ್ರು ಚೌಕ ಕೌದೀನ ಬೇಕಂದಾನೇನು?”

ಬೆಳಿಗ್ಗೆ ಜಮಖಂಡಿ ಬಸ್ಸು ಹತ್ತಿದವಳೇ ಅವನ ಮುಂದೆ ನಿಂತಳು.

“ಎಪ್ಪತ್ಮೂರು ಸಾಲು, ಸಾಲಿಗೆ ನೂರಾ ಮೂವತ್ತೇಳು. ಆಯಿ ಎಲ್ಲಾರ ನಡುವ ಕುಂದರತಾರ್ರಿ... ನನ್ನ ಮಾತು ತಪ್ಪಾತು.”

ಅವನ ಕಣ್ಣು ತುಂಬಿತು. ಆದರೆ ಅವನು ಬೆರಗಾಗಲಿಲ್ಲ.

“ನಿಮಗ ಮೊದಲ ಗೊತ್ತಿತ್ತೇನ್ರಿ?!”

“ಗೊತ್ತಿತ್ರಿ.”

“ಮತ್ತ ಯಾಕ ಹೇಳಲಿಲ್ಲ?”

“ಜಾಗಾ ಇಲ್ಲಂದ್ರಿ. ಲೆಕ್ಕದ ಜೋರಿನ ಮ್ಯಾಲ ಆಯೀನ ಒಳಗ ತುರಕಲಿಕ್ಕೆ ಮನಸ್ಸಾಗಲಿಲ್ಲ.” ಅವನ ದನಿ ಇಳಿಯಿತು. “ಅದೂ ನಿಮ್ಮ ಹತ್ರ... ಎರಡು ವರ್ಷದಿಂದ ಒಂದ ಮಾತಿಗೆ ಧೈರ್ಯಾ ಹುಡುಕಲಿಕ್ಕತ್ತೇನಿ.”

“ಏ ಅಕ್ಕಾರ, ಟಿಕೀಟು!” ಕಂಡಕ್ಟರ್ ಕೂಗಿದ.

“ತಡೀರಿ, ಮಾಸ್ತರು ಏನೋ ಹೇಳಾಕತ್ತಾರ!” ಕಾಂಚನಾ ಅಂದಳು. ಬಸ್ಸೆಲ್ಲ ನಕ್ಕಿತು. ಅವಳ ಕೆನ್ನೆ ಕೆಂಪಾಯಿತು. “ಹೇಳ್ರಿ...”

“ನಮ್ಮ ಮನಿಗೆ ಬರ್ತೀರೇನು, ಕಾಂಚನಾ?”

“ಸಂಜಿಕ ಮಠಕ್ಕ ನೀವು ಬರ್ರಿ ಮೊದಲ. ಆಯೀ ಚೌಕ ಇಬ್ರೂ ಕೂಡಿ ಹೊಲಿಯೂಣು.”

“ನನಗ ಹೊಲಿಗಿ ಬರೂದಿಲ್ರಿ.”

“ಕಲಸ್ತೀನಿ,” ಅವಳು ಅವನ ಪಕ್ಕದಲ್ಲಿ ಕುಳಿತಳು. “ಜನ್ಮಾ ಪೂರ್ತಿ ಐತಲ್ಲ...”